ನಾಲ್ಕನೆಯ ಗೂಟ, ಒಂದು ಜೊತೆ ಚಪ್ಪಲಿ

ಮೊಲೊಕಾಯಿ ದ್ವೀಪದ ಚರಿತ್ರೆಯನ್ನು ಯಾರೇ ಬರೆಯಲಿ, ಒಂದು ಘಟನೆಯನ್ನು ಮಾತ್ರ ಬಿಡುವಂತಿಲ್ಲ. ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಸಂಜೆ, ಚರ್ಚಿನ ಪಕ್ಕದ ಸಭಾಮನೆಯ ಮೆಟ್ಟಿಲ ಬಳಿ, ಉಲುವೇಹಿಯ ರಬ್ಬರ್ ಚಪ್ಪಲಿ ಕಾಣೆಯಾಯಿತು.

ಒಳಗೆ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆಯಲು ಬಂದ ಕಂಪನಿ ಕರೆದ ಸಭೆ ಆಗಷ್ಟೇ ಕೂಗಾಟದಲ್ಲಿ ಮುಗಿದಿತ್ತು. ಹೊರಗೆ ತೊಂಬತ್ತು ಜೊತೆ ಕರಿ ಚಪ್ಪಲಿ, ಎಲ್ಲ ಒಂದೇ ತರಹ. ಉಲುವೇಹಿಯದಕ್ಕೆ ಮಾತ್ರ ಕೆಂಪು ದಾರ ಕಟ್ಟಿತ್ತು.

ಆ ಕೆಂಪು ದಾರ ಈಗ ಒಬ್ಬ ಗಂಡಸಿನ ಕಾಲಲ್ಲಿತ್ತು! ಅವಳು ಕಣ್ಣೆತ್ತಿದಳು. ಕಂಪನಿಯ ನೀಲಿ ಅಂಗಿ, ಕೊರಳಲ್ಲಿ ಕಂಪನಿಯ ಬಿಲ್ಲೆ, ಅದರ ಮೇಲೆ... ಒಂಬತ್ತು ವರ್ಷಗಳಿಂದ ಮರೆಯಲು ಹೆಣಗಿದ ಮುಖ.

ಕಪೋನೋ!

"ಗುಡ್ಡ ಸಾಲಲಿಲ್ವಾ? ಚಪ್ಪಲಿನೂ ಬೇಕಾಯ್ತಾ?"

"ವೇಹಿ... ಎಲ್ಲಾ ಒಂದೇ ಥರ ಇತ್ತು, ನಂದ್ಯಾರೋ ಹಾಕ್ಕೊಂಡು ಹೋಗಿದ್ದಾರೆ..."

"ಹೆಸರು ಅರ್ಧ ಮಾಡಿ ಕರೀಬೇಡ! ನಿನ್ನ ಹೊಕ್ಕುಳಬಳ್ಳೀನ ಇಲಿ ಹೊತ್ಕೊಂಡು ಹೋಗಿರಬೇಕು. ಅದಕ್ಕೇ ಕಳ್ಳ ಆಗಿದ್ದೀಯ!"

ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೂಸಿನ ಒಣಗಿದ ಹೊಕ್ಕುಳಬಳ್ಳಿಯನ್ನು ಬಂಡೆಯ ಬಿರುಕಿನಲ್ಲಿ ಭದ್ರವಾಗಿ ಇಡಬೇಕು. ಇಲಿ ಒಯ್ದರೆ ಮಗು ಕಳ್ಳನಾಗುತ್ತದೆ. ಆ ಬಂಡೆ ಯಾವುದೆಂದು ಮನೆಯವರು ಹೊರಗೆ ಬಾಯಿ ಬಿಡುವುದಿಲ್ಲ.

ಉಲುವೇಹಿ ಬಾಯಿ ಬಿಟ್ಟಿದ್ದಳು. ಹದಿನೇಳರ ಹುಚ್ಚು ಪ್ರೀತಿಯಲ್ಲಿ, ಇದೇ ಕಪೋನೋನ ಕೈ ಹಿಡಿದು ಗುಡ್ಡ ಹತ್ತಿಸಿ, ತನ್ನ, ತನ್ನಮ್ಮನ, ಅಜ್ಜಿಯ ಬಳ್ಳಿಗಳಿದ್ದ ಬಂಡೆಯನ್ನು ತೋರಿಸಿದ್ದಳು. ಇವತ್ತು ಸಭೆಯಲ್ಲಿ ಗೋಡೆಗೆ ಹಾಕಿದ್ದ ಕಂಪನಿಯ ನಕ್ಷೆಯಲ್ಲಿ, ಅದೇ ಬಂಡೆಯ ಕೆಳಗಿನ ಇಳಿಜಾರಿನಲ್ಲಿ, ಯಂತ್ರದ ಜಾಗಕ್ಕೆಂದು ನೆಟ್ಟ ನಾಲ್ಕನೆಯ ಗೂಟ! ಕೋಪ ಬಂದವಳ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ತೋರಿಸಿದ್ದು ನಾನು... ಮಾರಿದ್ದು ಇವನು!

"ಹೇಳಿಬಿಟ್ಟೆಯಲ್ಲೋ," ಎಂದಳು.

ಅವನು ಸುತ್ತಲಿದ್ದ ಜನರನ್ನೊಮ್ಮೆ ನೋಡಿದ. ಬಗ್ಗಿ ಚಪ್ಪಲಿ ಕಳಚಿ ಅವಳ ಪಾದದ ಬಳಿ ಜೋಡಿಸಿಟ್ಟು, ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದುಹೋದ. ಅವಳಿಗೆ ಮೈಯೆಲ್ಲ ಉರಿಯಿತು.

ಮನೆಗೆ ಹೋಗಿ ಅಜ್ಜಿಯ ಎದುರು ಎಲ್ಲವನ್ನೂ ಒಪ್ಪಿಕೊಂಡಳು. "ಟೂಟೂ, ತಪ್ಪು ನಂದು."

ಅಜ್ಜಿ ಬೆಂದ ಟಾರೋ ಗಡ್ಡೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಬಾಯಿ ಬಿಟ್ಟವಳು ನೀನು, ಗೊತ್ತಾಯ್ತು. ಅವನು ಬಿಟ್ನೋ ಇಲ್ವೋ ಇನ್ನೂ ಗೊತ್ತಿಲ್ಲ. ಮುಂದಿನ ಸಭೆಗೆ ನನ್ನೂ ಕರ್ಕೊಂಡು ಹೋಗು."

ಮುಂದಿನ ಮಂಗಳವಾರ ಮೀನುಗಾರ ನಕೋವಾ ಅಂಕಲ್ ಮೊದಲು ಎದ್ದರು. "ಗಾಳಿ ನಮ್ದು, ದೀಪ ಹೊನೊಲುಲುಗೆ. ನಮಗೇನಪ್ಪಾ ಉಳಿಯೋದು, ಗಿರಗಿರ ಸದ್ದಾ?"

ಸಭೆ ನಕ್ಕಿತು. ಕಂಪನಿಯ ಯಜಮಾನ ವಿಟ್‌ಲಾಕ್ ಕೂಡ ನಕ್ಕು, ಪೆನ್ನು ಮುಂದೆ ಹಿಡಿದ. "ನಿಮ್ಮ ಪವಿತ್ರ ಜಾಗಗಳನ್ನ ಈ ನಕ್ಷೆ ಮೇಲೆ ಗುರುತು ಮಾಡಿ. ಬಿಟ್ಟುಬಿಡ್ತೀವಿ."

ಯಾರೂ ಪೆನ್ನು ಮುಟ್ಟಲಿಲ್ಲ.

"ಗುರುತಿಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ಬರ್ಕೊತೀವಿ."

ಉಲುವೇಹಿ ಹಲ್ಲು ಕಚ್ಚಿದಳು. ಗುರುತು ಹಾಕಿದರೆ ಗುಟ್ಟು ಹೋಯಿತು, ಹಾಕದಿದ್ದರೆ ಬಂಡೆಯೇ ಹೋಯಿತು!

ವಿಟ್‌ಲಾಕ್ ಗೂಟಗಳನ್ನು ನೆಟ್ಟ ಕಪೋನೋನತ್ತ ತಿರುಗಿದ. "ನೀನೂ ಒಂದು ಹೇಳು. ಹನ್ನೊಂದು ಗೂಟ ನೇರ ಸಾಲಲ್ಲಿರಬೇಕಿತ್ತು. ನಾಲ್ಕನೇದನ್ನ ಮಾತ್ರ ಮುನ್ನೂರು ಅಡಿ ಕೆಳಗೆ ಎಳೆದಿದ್ದೀಯ, ಗಾಳಿಯೇ ಬೀಸದ ಜಾಗಕ್ಕೆ. ಯಾಕೆ?"

"ಕಾರಣ ಇಲ್ಲ, ಸರ್."

"ಹಾಗಾದ್ರೆ ನಾಳೆ ಮೇಲೆ ನೆಡು."

"ನೆಡಲ್ಲ."

"ಯಾಕೆ ಅಂತ ಹೇಳು, ಇಲ್ಲಾ ಕೆಲಸ ಬಿಡು!"

ಕಪೋನೋ ಕೊರಳಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

ಉಲುವೇಹಿಗೆ ಈಗ ಹೊಳೆಯಿತು. ನೇರ ಸಾಲಿನಲ್ಲಾದರೆ ಗೂಟ ಬೀಳಬೇಕಿದ್ದದ್ದು ಬಂಡೆಯ ಮೇಲೇ... ಇವನು ಅದನ್ನು ಕೆಳಗೆ ತಂದಿದ್ದ. ಅವತ್ತು ಬಾಯಿ ಬಿಟ್ಟಿದ್ದರೆ ತೊಂಬತ್ತು ಜನಕ್ಕೂ ಬಂಡೆ ಯಾವುದೆಂದು ಗೊತ್ತಾಗುತ್ತಿತ್ತು!

"ಕಳ್ಳ ಸಿಕ್ಕಿದ್ನೇನೇ?" ಎಂದು ಟೂಟೂ ಮೊಣಕೈಯಿಂದ ತಿವಿದಳು.

ಉಲುವೇಹಿ ಎದ್ದು ನಿಂತಳು. "ವಿಟ್‌ಲಾಕ್ ಅವ್ರೇ, ಯಾರದ್ದಾದ್ರೂ ಮನೆಗೆ ಹೋದಾಗ ಬಾಗಿಲಲ್ಲಿ ನಿಂತು 'ಬರಬಹುದಾ' ಅಂತ ಕೇಳ್ತೀರೋ, 'ಒಡವೆ ಎಲ್ಲಿಟ್ಟಿದ್ದೀರಿ' ಅಂತ ಕೇಳ್ತೀರೋ? ಗಾಳಿಯಂತ್ರ ಕಂಡ್ರೆ ನಮಗೆ ಹಗೆ ಇಲ್ಲ. ಕೇಳದೆ ಗೂಟ ನೆಟ್ರಲ್ಲ, ಅದಕ್ಕೆ ಕೋಪ! ನಾಲ್ಕನೇದನ್ನ ಕೀಳಿ. ಆಮೇಲೆ ಮಾತು."

"ಕೀಳಿ!" ಎಂದರು ನಕೋವಾ ಅಂಕಲ್. ಆಮೇಲೆ ಇಡೀ ಸಭಾಮನೆ ಅದನ್ನೇ ಕೂಗಿತು.

ಹೊರಗೆ ಕಪೋನೋ ಮೆಟ್ಟಿಲ ಮೇಲೆ ಇವತ್ತೂ ಬರಿಗಾಲಲ್ಲೇ ನಿಂತಿದ್ದ.

"ಒಂಬತ್ತು ವರ್ಷ ಒಂದು ಕಾಗದ ಇಲ್ಲ. ಅದಕ್ಕೂ ಕಾರಣ ಇಲ್ವೇನೋ, ಕತ್ತೆ?"

"ಇದೆ. 'ನಿನ್ನ ಮುಖ ತೋರಿಸಬೇಡ' ಅಂದಿದ್ದೆ ನೀನು."

"ಅಂದಿದ್ದೆ! ನಂಬಬೇಕಾಗಿತ್ತಾ?"

ಅವನು ನಗಲು ಹೋಗಿ, ಕಣ್ಣೊರೆಸಿಕೊಂಡ. "ವೇಹಿ... ಒಂದು ದಿನವೂ ನಿನ್ನನ್ನ..."

"ಈಗ ಹೇಳಬೇಡ! ಇನ್ನೂ ಕೋಪ ಇದೆ." ಕೆಂಪು ದಾರದ ಚಪ್ಪಲಿಯನ್ನು ಅವನತ್ತ ತಳ್ಳಿದಳು. "ಹಾಕ್ಕೋ. ಜಲ್ಲಿ ಚುಚ್ಚುತ್ತೆ."

"ನಿನಗೆ?"

"ನಂದೇ ನೆಲ."

"ನಾಳೆ ಹೇಳಲಾ?"

"ನಾಳೆ ಟಾರೋ ಗದ್ದೇಲಿ ಕಳೆ ಕೀಳೋದಿದೆ. ಬಂದು ಕೀಳು. ಕೀಳ್ತಾ ಹೇಳು."

ಕಂಪನಿ ನಾಲ್ಕನೆಯ ಗೂಟವನ್ನು ಕಿತ್ತಿತು. ಉಳಿದ ಹತ್ತರ ಜಗಳ ಇನ್ನೂ ನಡೆದಿದೆ. ಆಗಸ್ಟಿನಲ್ಲಿ ಅವರಿಬ್ಬರ ಮದುವೆಯಾಯಿತು. ಕಪೋನೋನ ಚಪ್ಪಲಿ ಸಿಗಲಿಲ್ಲ.