ಅವಳ ಪೆಟ್ಟಿಗೆಯ ದನಿ

ಮೊದಲ ಸಲ ನೋಡಿದಾಗ ಅವನು ಅವಳನ್ನು ಕೊರಿಯರ್‌ನವಳು ಅಂದುಕೊಂಡ. ಸ್ಟುಡಿಯೊದ ಬಾಗಿಲು ಅರ್ಧ ತೆರೆದು, "ಪೆಟ್ಟಿಗೇನ ಅಲ್ಲೇ ಮೆತ್ತಗೆ ಇಳಿಸಿ ಹೋಗಿ, ಒಳಗೆ ಸ್ಪ್ರಿಂಗ್ ಇದೆ," ಎಂದು ಅವಳಿಗೆ ಹೇಳಿ ತನ್ನ ಕುರ್ಚಿಗೆ ಮರಳಿದ.

ಒಳಗೆ ಸ್ಪ್ರಿಂಗ್ ಇರುವುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಕೂಡಿಸಿದವಳೇ ಅವಳು. ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ರಿಪೇರಿಗೆ ರೇಡಿಯೊಗಳೇ ಬಾರದಂತಾದ ಮೇಲೆ ಅವಳು ಅದೇ ಮೇಜಿನ ಮೇಲೆ ಎಕೋ ಪೆಟ್ಟಿಗೆಗಳನ್ನು ಮಾಡತೊಡಗಿದ್ದಳು. ತಗಡಿನ ಪೆಟ್ಟಿಗೆ, ಒಳಗೆ ಎರಡು ಉದ್ದನೆಯ ಸ್ಪ್ರಿಂಗು. ಹಾಡನ್ನು ಒಳಗೆ ಬಿಟ್ಟರೆ ಸ್ಪ್ರಿಂಗುಗಳು ನಡುಗಿ, ಯಾರೋ ದೊಡ್ಡ ಖಾಲಿ ಹಜಾರದಲ್ಲಿ ನಿಂತು ಹಾಡಿದಂತೆ ದನಿ ಹೊರಗೆ ಬರುತ್ತಿತ್ತು. ಅವುಗಳಲ್ಲೆಲ್ಲ ಒಂದು ಪೆಟ್ಟಿಗೆ ಹೇಗೋ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದಿತ್ತು. ಊರಿನ ಸ್ಟುಡಿಯೊಗಳವರು ಅದನ್ನೇ ಕೇಳಿ ತರಿಸಿಕೊಳ್ಳುತ್ತಿದ್ದರು. ಅವಳು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಅದನ್ನು ನಿಲ್ಲಿಸಿಕೊಂಡು ಹೋಗಿ ಬರುತ್ತಿದ್ದಳು.

ಅವಳು ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ನೋಡಿದಳು. ಅವನು ಕಂಪ್ಯೂಟರಿನ ಪಕ್ಕದ ಸೌಂಡ್ ಕಾರ್ಡಿನಿಂದ ಒಂದು ಕೇಬಲ್ ಎಳೆದು ಪೆಟ್ಟಿಗೆಗೆ ಸಿಕ್ಕಿಸಿದ, ಪೆಟ್ಟಿಗೆಯಿಂದ ಇನ್ನೊಂದನ್ನು ಸೌಂಡ್ ಕಾರ್ಡಿಗೆ ವಾಪಸು ಕೊಟ್ಟ. ಹಾಡು ಶುರು ಮಾಡಿದ್ದೇ ತಡ, ಕಿವಿ ಹರಿಯುವಂತೆ ಕೂಗು ಎದ್ದಿತು. ಅವನು ಹೌಹಾರಿ ಎಲ್ಲ ಬಂದ್ ಮಾಡಿ, ದಾರಿಯಲ್ಲಿ ಎಲ್ಲೋ ಎತ್ತಿಹಾಕಿದ್ದೀರಿ ಎಂದು ರೇಗಿದ.

"ಪೆಟ್ಟಿಗೆ ಚೆನ್ನಾಗೇ ಇದೆ," ಎಂದಳು ಅವಳು. "ಅದರಿಂದ ಬಂದ ದನೀನ ಮತ್ತೆ ಅದಕ್ಕೇ ಉಣಿಸ್ತಿದ್ದೀರಿ. ಕಿರುಚದೆ ಇನ್ನೇನು ಮಾಡುತ್ತೆ, ಪಾಪ."

ಅವನು ಪರದೆಯ ಕಡೆ ನೋಡಿದ. ವಾಪಸು ಬರುವ ಟ್ರ್ಯಾಕು ಕೂಡ ಪೆಟ್ಟಿಗೆಯತ್ತಲೇ ಹೋಗುವಂತೆ ಒತ್ತಿಬಿಟ್ಟಿದ್ದ. ನಾಲಿಗೆ ಕಚ್ಚಿಕೊಂಡು ಅವಳ ಕಡೆ ತಿರುಗಿದ. ಅವಳ ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆ ಇತ್ತು. ತುಟಿಯ ಅಂಚಿನಲ್ಲಿ ಅದುಮಿ ಹಿಡಿದ ನಗು.

"ಹಾಗಾದ್ರೆ ನೀವು...?"

"ಕೊರಿಯರ್," ಎಂದಳು.

ಹಾಗೆ ಶುರುವಾಯಿತು ಅದು.

ಕಂಪ್ಯೂಟರಿನೊಳಗಿನ ಎಕೋ ಆದರೆ ಕ್ಷಣದಲ್ಲಿ ಮುಗಿಯುವ ಕೆಲಸ. ಹೊರಗಿನ ಪೆಟ್ಟಿಗೆ ಹಾಗಲ್ಲ. ಹಾಡು ಎಷ್ಟು ಉದ್ದವೋ ಅಷ್ಟು ಹೊತ್ತು ಅದು ತಂತಿಯಲ್ಲಿ ಹರಿದು, ನಡುಗಿ, ವಾಪಸು ಬಂದು ಹೊಸ ಟ್ರ್ಯಾಕಿನಲ್ಲಿ ಕೂರಬೇಕು. ಅಲ್ಲಿಯ ತನಕ ಅಲುಗುವ ಹಾಗಿಲ್ಲ. ಮೇಜಿಗೆ ಮೊಣಕೈ ತಾಗಿದರೂ ಸ್ಪ್ರಿಂಗು ಅದನ್ನು ಹಾಡಿಗೆ ಸೇರಿಸಿಬಿಡುತ್ತಿತ್ತು. ಹೀಗಾಗಿ ಇಬ್ಬರೂ ಉಸಿರು ಸಣ್ಣಗೆ ಮಾಡಿಕೊಂಡು ಪಕ್ಕಪಕ್ಕ ಕೂರಬೇಕಾಗುತ್ತಿತ್ತು. ಮಾತಿಲ್ಲ, ಕೈ ಆಡಿಸುವಂತಿಲ್ಲ. ಒಬ್ಬರನ್ನೊಬ್ಬರು ನೋಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ಅವಳು ಮೊದಮೊದಲು ಪರದೆ ನೋಡುತ್ತಿದ್ದಳು. ಆಮೇಲೆ ಅವನ ಕೈಗಳನ್ನು ನೋಡತೊಡಗಿದಳು. ಕೊನೆಗೆ, ತಲೆ ಎತ್ತಿದಾಗೆಲ್ಲ ಅವನ ಕಣ್ಣು ಅಲ್ಲೇ ಕಾದಿರುತ್ತಿತ್ತು. ಹಾಡು ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು ಎಲ್ಲೋ ಒಂದು ಕಡೆ ಸರಿಬರಲಿಲ್ಲ, ಇನ್ನೊಂದು ಸಲ ಬಿಡೋಣ ಎನ್ನುತ್ತಿದ್ದ. ಎಲ್ಲ ಕಡೆ ಸರಿಯಾಗಿಯೇ ಬಂದಿರುತ್ತಿತ್ತು. ಅವಳೂ ಹೂಂಗುಟ್ಟುತ್ತಿದ್ದಳು.

ನೀವು ಹೋಗಿ ನೀನು ಬಂತು. ಅವನು ಅವಳನ್ನು ಸ್ಪ್ರಿಂಗಮ್ಮ ಎಂದು ಕರೆಯತೊಡಗಿದ. ಬೇರೆಯವರ ಎದುರು ಹಾಗೆ ಕರೆದರೆ ಕೇಬಲ್ಲಿನಲ್ಲಿ ಕಟ್ಟಿಹಾಕುತ್ತೇನೆ ಎಂದು ಅವಳು ಬೆದರಿಸಿದಳು. ಒಂದು ದಿನ ಮನೆಗೂ ಕರೆದುಕೊಂಡು ಹೋದಳು. ಅಪ್ಪ ಅವನನ್ನು ಹಳೆಯ ಮೇಜಿನ ಮುಂದೆ ಕೂರಿಸಿಕೊಂಡು ಸಂಜೆಯವರೆಗೂ ಬಿಡಲಿಲ್ಲ. ಈ ಹುಡುಗನಿಗೆ ಕಿವಿ ಇದೆ ಎಂದು ಅಮ್ಮನ ಹತ್ತಿರ ಹೇಳಿದರು. ಅಪ್ಪನ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಅವಳು ಕೇಳಿರಲಿಲ್ಲ.

ಆ ದಿನಗಳಲ್ಲೇ ಅವನು ಪೆಟ್ಟಿಗೆಯೊಳಗೆ ಹಾಡಲ್ಲದ ಸದ್ದುಗಳನ್ನು ಬಿಡತೊಡಗಿದ್ದ. ಟಕ್ಕೆಂಬ ಸಣ್ಣ ಸದ್ದು. ಆಮೇಲೆ ತಳದಿಂದ ಮೇಲಕ್ಕೆ ಏರುತ್ತ ಹೋಗುವ ಉದ್ದನೆಯ ಸಿಳ್ಳು. ಗುಂಡಿಗಳನ್ನು ಒಂದಿಷ್ಟು ತಿರುಗಿಸಿ ಮತ್ತದೇ ಸಿಳ್ಳು. ಏನಿದು ಎಂದು ಅವಳು ಕೇಳಿದಳು. ದನಿ ಹೋಗಿ ಬರುವುದಕ್ಕೆ ಎಷ್ಟು ತಡವಾಗುತ್ತದೆ ಎಂದು ಅಳೆಯುತ್ತಿದ್ದೇನೆ, ಅಷ್ಟನ್ನು ಹಿಂದಕ್ಕೆ ಸರಿಸಿದರೆ ತಾಳಕ್ಕೆ ಸರಿಯಾಗಿ ಕೂರುತ್ತದೆ ಎಂದ. ಅದಕ್ಕೆ ಒಂದು ಟಕ್ ಸಾಕು ಎಂದು ಅವಳಿಗೆ ಗೊತ್ತಿತ್ತು. ಆದರೂ ಮತ್ತೆ ಕೇಳಲಿಲ್ಲ. ಪ್ರೀತಿಸುವವನನ್ನು ಎರಡನೆಯ ಸಲ ಕೇಳುವುದು ಅನುಮಾನಪಟ್ಟಂತೆ ಎಂದು ಅವಳಿಗೆ ಅನಿಸಿತ್ತು. ಪೆಟ್ಟಿಗೆಯನ್ನು ಒಂದೆರಡು ವಾರ ಇಲ್ಲೇ ಬಿಟ್ಟುಹೋಗು ಎಂದಾಗಲೂ ಬಿಟ್ಟುಹೋದಳು. ಆಮೇಲೆ ಅದು ಅಲ್ಲೇ ಉಳಿಯಿತು; ಬೇರೆಯವರು ಕೇಳಿದಾಗ ಅಲ್ಲಿಂದಲೇ ಒಯ್ದು ಮತ್ತೆ ಅಲ್ಲಿಗೇ ತರುತ್ತಿದ್ದಳು.

ನಿಧಾನವಾಗಿ ಬೇರೆ ಸ್ಟುಡಿಯೊಗಳ ಫೋನ್ ನಿಂತವು. ಹಳೆಯ ಪರಿಚಯದ ರೆಕಾರ್ಡಿಂಗಿನವರೊಬ್ಬರನ್ನು ಅವಳೇ ಹೋಗಿ ಕಂಡಳು. ಅವರು ಸಂಕೋಚವೇ ಇಲ್ಲದೆ, ಇನ್ನು ಹೊತ್ತು ತರುವ ಕಷ್ಟ ನಿನಗೇಕಮ್ಮ, ನಿನ್ನ ಪೆಟ್ಟಿಗೆ ಈಗ ಎಲ್ಲರ ಕಂಪ್ಯೂಟರಿನಲ್ಲೂ ಇದೆಯಲ್ಲ ಎಂದು ಪರದೆ ತಿರುಗಿಸಿ ತೋರಿಸಿದರು. ಯಾವುದೋ ಕಂಪನಿಯ ಸಾಫ್ಟ್‌ವೇರ್. ಅದರಲ್ಲಿ ಅವಳ ಪೆಟ್ಟಿಗೆಯ ಚಿತ್ರ. ಮುಚ್ಚಳದ ಮೇಲಿನ ಗೀರು ಇತ್ತು. ಅಪ್ಪನ ಹಳೆಯ ರೇಡಿಯೊದಿಂದ ಕಿತ್ತು ಹಾಕಿದ್ದ, ಬೇರೆಯವುಗಳಿಗೆ ಹೊಂದದ ಕೆಂಪು ಗುಂಡಿಯೂ ಇತ್ತು. ಕೆಳಗೆ ಸಿದ್ಧಪಡಿಸಿದವನೆಂದು ಅವನ ಹೆಸರು. ಮೇಲೆ ದಪ್ಪ ಅಕ್ಷರದಲ್ಲಿ ಆ ಎಕೋಗೆ ಇಟ್ಟಿದ್ದ ಹೆಸರು, ಸ್ಪ್ರಿಂಗಮ್ಮ.

ಆ ಟಕ್ಕು, ಆ ಸಿಳ್ಳು ಯಾತಕ್ಕೆಂದು ಅವಳಿಗೆ ಈಗ ತಿಳಿಯಿತು: ಯಾವ ಸ್ವರಕ್ಕೆ ಪೆಟ್ಟಿಗೆ ಹೇಗೆ ನಡುಗುತ್ತದೆ ಎಂದು ಹಿಡಿದಿಟ್ಟು ನಕಲು ಮಾಡುವುದಕ್ಕೆ. ನಮಸ್ಕಾರ ಹೇಳಿ ಹೊರಗೆ ಬಂದು, ನೇರ ಅವನ ಸ್ಟುಡಿಯೊಗೆ ಹೋದಳು.

ಅವನು ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಪರದೆ ಎಳೆದುಕೊಂಡು ಕೆಲಸ ಮಾಡುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ. ಅವನು ಒಂದೇ ಸಮನೆ ಹೇಳಿಕೊಂಡ: ಆ ದನಿ ಒಂದೇ ಪೆಟ್ಟಿಗೆಯಲ್ಲಿ ಇದ್ದು ತುಕ್ಕು ಹಿಡಿದು ಹೋಗಬಾರದು ಎಂದು ಹೀಗೆ ಮಾಡಿದ್ದು, ಕಂಪನಿಯವರು ಅವಸರ ಮಾಡಿದ್ದು, ಮದುವೆಯ ಮಾತು ಎತ್ತುವ ದಿನವೇ ಎಲ್ಲ ಹೇಳಿ ಅವಳನ್ನು ಬೆರಗುಗೊಳಿಸಬೇಕೆಂದುಕೊಂಡಿದ್ದು. ಅವಳ ಹೆಸರನ್ನು ಈಗಲೂ ಸೇರಿಸಬಹುದು ಎಂದ.

"ನನ್ನನ್ನ ಒಂದು ಮಾತು ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ. ಅದಕ್ಕೇ ಕೇಳಬೇಕಿತ್ತು."

ಅವನ ಕಣ್ಣು ತುಂಬಿತು. ಅದು ನಟನೆಯಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. "ನಿನ್ನನ್ನ ಪ್ರೀತಿಸಿದ್ದು ಸುಳ್ಳಲ್ಲ ಕಣೇ," ಎಂದ.

"ಗೊತ್ತು. ಸುಳ್ಳಾಗಿದ್ರೆ ಬೈದು ಹೋಗ್ತಿದ್ದೆ. ಸುಲಭ ಆಗ್ತಿತ್ತು."

ಅವಳು ಬಗ್ಗಿ ಸೌಂಡ್ ಕಾರ್ಡಿನಿಂದ ಎರಡೂ ಕೇಬಲ್ ಬಿಚ್ಚಿದಳು. ಒಂದೊಂದನ್ನೇ ಸುತ್ತಿ ಪೆಟ್ಟಿಗೆಯ ಮೇಲಿಟ್ಟಳು. ಅವನು ಎತ್ತಿಕೊಡಲು ಬಂದ. ಬೇಡವೆನ್ನುವಷ್ಟು ಕೋಪವನ್ನೂ ಅವಳು ಉಳಿಸಿಕೊಂಡಿರಲಿಲ್ಲ. ಇಬ್ಬರೂ ಎರಡು ಕಡೆ ಹಿಡಿದು ಮೆಟ್ಟಿಲು ಇಳಿಸಿದರು. ಕೆಳಗೆ ಸ್ಕೂಟರಿನಲ್ಲಿ ನಿಲ್ಲಿಸುವಾಗ ಅವನ ಕೈ ಅವಳ ಕೈಮೇಲೆ ಒಂದು ಗಳಿಗೆ ಉಳಿಯಿತು. ಅವಳು ಕೈ ಕಿತ್ತುಕೊಳ್ಳಲಿಲ್ಲ. ಅವನಾಗಿಯೇ ತೆಗೆಯುವವರೆಗೆ ಕಾದಳು.

ಅವನು ಮದುವೆಯ ಮಾತು ಎತ್ತುವ ದಿನ ಬರಲೇ ಇಲ್ಲ. ಅಮ್ಮ ಅವನ ಬಗ್ಗೆ ಒಮ್ಮೆ ಕೇಳಿ, ಅಷ್ಟಕ್ಕೇ ಬಿಟ್ಟರು. ಅಪ್ಪ ಕೇಳಲೇ ಇಲ್ಲ. ಅವಳು ಹೊಸ ಪೆಟ್ಟಿಗೆ ಮಾಡುವುದನ್ನು ನಿಲ್ಲಿಸಿ, ಆಂಪ್ಲಿಫೈಯರ್ ರಿಪೇರಿಗೆ ಕೂತಳು. ಕಂಪ್ಯೂಟರಿನೊಳಗಿನದು ಎಷ್ಟಾದರೂ ನಕಲು, ಸ್ಪ್ರಿಂಗಿನ ಆ ನಡುಕ ಅದಕ್ಕೆ ಎಲ್ಲಿಂದ ಬರಬೇಕು ಎಂಬ ಒಂದು ಸಮಾಧಾನವನ್ನು ಮಾತ್ರ ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಳು.

ಒಂದು ಸಂಜೆ ಬೆಸುಗೆಯ ತಂತಿ ಕೊಳ್ಳಲು ಹೋದಾಗ ಅಂಗಡಿಯ ಸ್ಪೀಕರಿನಲ್ಲಿ ಹೊಸ ಹಾಡೊಂದು ಬರುತ್ತಿತ್ತು. ಮೊದಲ ಸಾಲಿಗೇ ಅವಳಿಗೆ ಗುರುತು ಸಿಕ್ಕಿತು, ಅದು ತನ್ನ ಪೆಟ್ಟಿಗೆಯ ದನಿ. ಪೆಟ್ಟಿಗೆ ಮನೆಯಲ್ಲಿತ್ತು. ಅವಳು ಮೈಯೆಲ್ಲ ಕಿವಿಯಾಗಿ ನಿಂತು ಕೊರತೆ ಹುಡುಕಿದಳು. ಮಂದ್ರದಲ್ಲಿ ಹುಡುಕಿದಳು, ತಾರದಲ್ಲಿ ಹುಡುಕಿದಳು, ಪದ ಮುಗಿದ ಮೇಲೆ ದನಿ ಕರಗುವ ಕೊನೆಯ ಎಳೆಯಲ್ಲಿ ಹುಡುಕಿದಳು. ಎಲ್ಲೂ ಸಿಗಲಿಲ್ಲ. ಸ್ಪ್ರಿಂಗಿನ ನಡುಕವೂ ಇತ್ತು. ಅವಳು ಕೈಯಾರೆ ಕೂಡಿಸಿದ್ದು ಒಂದೂ ಬಿಟ್ಟುಹೋಗಿರಲಿಲ್ಲ.

ತನ್ನನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡವರು ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಯಾರೂ ಸಿಗಲಾರರು ಎಂದು ಅವಳಿಗೆ ಅಲ್ಲೇ, ಆ ಅಂಗಡಿಯ ಮುಂದೆ, ಅರ್ಥವಾಯಿತು. ಅಂಗಡಿಯವನು ಏನು ಬೇಕಮ್ಮ ಎಂದು ಮತ್ತೆ ಮತ್ತೆ ಕೇಳುತ್ತಿದ್ದ.