ನೇಸರನಿಗೆ ವೀಳ್ಯ ಕೊಟ್ಟವಳು

ಬಹಳ ಹಿಂದೆ, ಬೆಟ್ಟಗಳಿಗಿನ್ನೂ ಹೆಸರಿಡದ ಕಾಲದಲ್ಲಿ, ಹೊನ್ನಂಚು ಎಂಬ ರಾಜ್ಯವಿತ್ತು. ಅದರ ಮೂಡಣಕ್ಕೆ ಸಾಲಾಗಿ ಏಳು ಶಿಖರಗಳು. ನೇಸರ ಒಂದೊಂದೇ ಶಿಖರ ದಾಟುತ್ತ ಆರು ತಿಂಗಳು ತೆಂಕಣಕ್ಕೆ ಹೋಗುವನು, ಆರು ತಿಂಗಳು ಬಡಗಣಕ್ಕೆ ಮರಳುವನು. ಈ ದಿನ ಎಲ್ಲಿ ಹುಟ್ಟಿದನೆಂದು ನೋಡಿ ಅರಮನೆಗೆ ಹೇಳುವುದು ದೇಕಬ್ಬೆಯ ಕೆಲಸ. ಮಾತು ಕಡಿಮೆ, ನೋಡುವುದೇ ಹೆಚ್ಚು, ಅಂಥ ಹುಡುಗಿ.

ಒಂದು ವರ್ಷ ನೇಸರ ತೆಂಕಣದ ಕೊನೆಯ ಶಿಖರ ಮುಟ್ಟಿದವನು ತಿರುಗಲೇ ಇಲ್ಲ. ತಿಂಗಳಾಯಿತು. ಚಳಿ ಬಿಗಿಯಿತು, ಜೋಳದ ತೆನೆ ಹಾಲುಗಟ್ಟಲಿಲ್ಲ.

"ಹೀಗೇ ಆದರೆ ಊರಿಗೆ ಊರೇ ಉಪವಾಸ. ನೀನೇ ಹೋಗಿ ನೋಡ್ಕೊಂಡು ಬಾ ತಾಯಿ," ಎಂದ ಅರಸ ಬಿಜ್ಜಣ.

ಆ ಶಿಖರದ ಮೇಲೆ ಮಾಯಾವಿ ಕಾರ್ಗಣ್ಣನ ಮನೆ. ದಿನವೆಲ್ಲ ಬಾನಲ್ಲಿ ಸುತ್ತಿ, ಸಂಜೆಯಾದರೆ ನೇಸರ ಅಲ್ಲೇ ಬಂದು ತಂಗುತ್ತಿದ್ದ. ಮನೆಯವರು ವೀಳ್ಯ ಕೊಡುವತನಕ ನೆಂಟ ಮನೆ ಬಿಟ್ಟು ಮುಂದಕ್ಕೆ ಹೊರಡಬಾರದೆಂಬುದು ಆ ಸೀಮೆಯ ಕಟ್ಟಳೆ. ಕಾರ್ಗಣ್ಣ ವೀಳ್ಯವನ್ನೇ ಕೊಡುತ್ತಿರಲಿಲ್ಲ.

"ನೇಸರನ್ನ ಕಳಿಸಿಕೊಡಿ ಅಣ್ಣಾ," ಎಂದಳು ಶಿಖರ ಹತ್ತಿ ಬಂದ ದೇಕಬ್ಬೆ.

"ಮೂರು ಕೆಲಸ ಮಾಡು, ನೋಡೋಣ. ಸೋತರೆ ನೀನೂ ಗೂಬೆ!" ಕಂಬಗಳ ಮೇಲೆ ಆಗಲೇ ಹದಿನಾರು ಗೂಬೆಗಳಿದ್ದವು. ಎಲ್ಲವೂ ಹಿಂದೆ ಮನುಷ್ಯರೇ.

ಮೊದಲು, ತೂತು ಕೊಡದಲ್ಲಿ ನೀರು ತರಬೇಕು. ದೇಕಬ್ಬೆ ತೂತುಗಳಿಗೆ ಜೇಡಿಮಣ್ಣು ಮೆತ್ತಿ ತಂದಳು.

ಆಮೇಲೆ, ಎರಡು ತಲೆಯ ಕುದುರೆ ಮೇಯಿಸಬೇಕು. ಒಂದು ತಲೆ ಆಚೆಗೆಳೆದರೆ ಇನ್ನೊಂದು ಈಚೆಗೆ. ಅವಳು ಎರಡರ ನಡುವೆ ಒಂದೇ ಹುಲ್ಲುಹೊರೆ ಹಿಡಿದು ನಡೆದಳು. ಕುದುರೆ ಹಿಂದೆಯೇ ಬಂತು.

ಕೊನೆಗೆ, ಬೆಂಕಿಯಿಲ್ಲದೆ ಅಡುಗೆ. ಅಷ್ಟರಲ್ಲಿ ಸಂಜೆಯಾಗಿ ನೇಸರ ಬಂದು ಮಣೆಯ ಮೇಲೆ ಕೂತಿದ್ದ. ಅವಳು ಅಕ್ಕಿಯ ಗಡಿಗೆಯನ್ನು ಅವನ ಪಾದದ ಬಳಿ ಇಟ್ಟಳು. ಅನ್ನ ಕೊತಕೊತ ಕುದಿಯಿತು.

ಕಾರ್ಗಣ್ಣ ಒಂದು ತುತ್ತು ಉಂಡ. ಇನ್ನೊಂದು ಉಂಡ. ಬೆರಳು ನೆಕ್ಕಿದ.

"ಅರೆ! ನಿನ್ನನ್ನ ಇನ್ನು ಬಿಡೋದಿಲ್ಲ. ಇವತ್ತಿಂದ ನೀನು ಈ ಮನೆ ಮಗಳು!"

ದೇಕಬ್ಬೆ ನೇಸರನ ಕಣ್ಣು ಖಾಲಿ ಎಲೆಅಡಿಕೆ ತಟ್ಟೆಯ ಕಡೆ ಹೋದದ್ದನ್ನು ನೋಡಿದಳು. ಹಿತ್ತಲಿಗೆ ಹೋಗಿ ವೀಳ್ಯದೆಲೆ ಕೊಯ್ದು, ಅಡಿಕೆಯಿಟ್ಟು ತಂದಳು.

"ಈ ಮನೆ ಮಗಳು ಕೊಡ್ತಿದೀನಿ. ಹೋಗಿ ಬನ್ನಿ."

ನೇಸರ ನಕ್ಕು ಎದ್ದು ನಿಂತ. ಮಾಯೆ ಕಳಚಿ ಗೂಬೆಗಳು ಮನುಷ್ಯರಾಗಿ ಮೈ ಕೊಡವಿದವು. ಕಾರ್ಗಣ್ಣ ಮಾತ್ರ ಮಗುವಿನಂತೆ ಅತ್ತ.

"ಅವನು ಹೋದರೆ ನನ್ನ ಮನೆಗೆ ಯಾರು ಬರ್ತಾರೆ?"

"ಹೋಗದೆ ಇದ್ದರೆ ಮತ್ತೆ ಬರೋದು ಹೇಗೆ ಅಣ್ಣಾ?" ಎಂದಳು ದೇಕಬ್ಬೆ ಮೆಲ್ಲಗೆ.

ನೇಸರ ಹೊಸ್ತಿಲಲ್ಲಿ ತಿರುಗಿದ. "ವರ್ಷಕ್ಕೆ ಮೂರು ದಿನ ಇಲ್ಲೇ ಇರ್ತೀನಿ. ಹೆಚ್ಚಿಗೆ ಕೇಳಬೇಡ."

ಮರುದಿನ ಅವನು ಬಡಗಣದತ್ತ ಎಳ್ಳಷ್ಟು ಸರಿದು ಹುಟ್ಟಿದ. ದೇಕಬ್ಬೆ ಊರಿಗೆ ಮರಳಿದಳು. ಜೋಳ ತುಂಬಿತು, ಹೊನ್ನಂಚಿನ ಜನ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಚಳಿಗಾಲದ ನಡುವೆ ಮೂರು ದಿನ ನೇಸರ ಒಂದೇ ಕಡೆ ಹುಟ್ಟುತ್ತಾನಲ್ಲ, ಆಗ ಕಾರ್ಗಣ್ಣನ ಮನೆಯಲ್ಲಿ ಹಬ್ಬದಡುಗೆ. ನಾಲ್ಕನೆಯ ದಿನ ವೀಳ್ಯ ಕೊಡುವವನು ಕಾರ್ಗಣ್ಣನೇ.