ಉಲಿಯೂರಿಗೆ ಬಂದ ನಾಲ್ದನಿ ಪೆಟ್ಟಿಗೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ, ಹಕ್ಕಿಗಳು ಇನ್ನೂ ಸುಳ್ಳು ಹೇಳಲು ಕಲಿಯದಿದ್ದ ಕಾಲದಲ್ಲಿ ಉಲಿಯೂರು ಅಂತ ಒಂದು ರಾಜ್ಯವಿತ್ತು. ಅಲ್ಲಿಗೆ ಅಳ್ಳಾಳರಾಯ ದೊರೆ, ಚಂದ್ರವ್ವ ರಾಣಿ. ಮಳೆ ಬೆಳೆ ಚೆನ್ನಾಗಿತ್ತು, ರೊಟ್ಟಿಗೆ ಬೆಣ್ಣೆ ಇತ್ತು, ಜಗಳಕ್ಕೆ ನೆರೆಹೊರೆಯೂ ಇತ್ತು. ಕೊರತೆ ಒಂದೇ. ಆ ನಾಡಿನಲ್ಲಿ ಯಾವ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದು ಮೊಬ್ಬರಾಯನೆಂಬ ಮಾಂತ್ರಿಕನ ಕೆಲಸ. ಅವನಿಗೆ ಮಾಟ ಬರುತ್ತಿದ್ದಷ್ಟು ಚೆನ್ನಾಗಿ ಹಾಡು ಬರುತ್ತಿರಲಿಲ್ಲ, ಹಾಡುವ ಹುಚ್ಚು ಮಾತ್ರ ಬೇಕಾದಷ್ಟಿತ್ತು. ಒಮ್ಮೆ ಒಡ್ಡೋಲಗದಲ್ಲಿ ಹಾಡಲು ನಿಂತಾಗ ಎಲ್ಲಿಂದಲೋ ಯಾರೋ ಕಿಸಕ್ಕೆಂದು ನಕ್ಕರು. ಯಾರು ಎಂದು ಕೇಳಿದ. ಎಲ್ಲರೂ ನೆಲ ನೋಡಿದರು. ಮೊಬ್ಬರಾಯ ದೊರೆಯ ಕಿವಿಗೆ ಬಾಯಿಟ್ಟು, "ನಗಿ ಎಲ್ಲಿಂದ ಬಂತಂತ ನನಗ ಗೊತ್ತಾಗಲಿಲ್ಲ. ಇನ್ನ ಯಾವ ಸಪ್ಪಳ ಎಲ್ಲಿಂದ ಬಂತಂತ ನಿಮಗೂ ಗೊತ್ತಾಗಬಾರದು. ದೊರಿ ಕಿವಿಗೆ ದಿಕ್ಕು ತಿಳಿದ ದಿನಾನ ನಾಡಿಗೂ ತಿಳೀಲಿ," ಎಂದು ಶಾಪ ಹಾಕಿ, ಊರಾಚೆಯ ಗುಡ್ಡಕ್ಕೆ ಮಂಜು ಕವಿಸಿ ಅದರೊಳಗೆ ಸೇರಿಕೊಂಡ. ಅದು ಮಂಜುಗುಡ್ಡವಾಯಿತು.

ಅಂದಿನಿಂದ ಮುಂಬಾಗಿಲು ಬಡಿದರೆ ಜನ ಹಿತ್ತಲಿಗೆ ಓಡಿದರು. ಗಂಡ ಕರೆದರೆ ಹೆಂಡತಿ ಪಕ್ಕದ ಮನೆಗೆ ಹೋಗಿ, "ಏನ್ರಿ?" ಅಂದಳು. ದೊರೆಯ ಪಾಡಂತೂ ಹೇಳತೀರದು. ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಯಾವ ಕಡೆಯಿಂದ ಕತ್ತಿ ಬಂತೋ ಎಂದು ಬೆಚ್ಚಿಬೀಳುತ್ತಿದ್ದ. ಕೊನೆಗೆ ಸಿಂಹಾಸನವನ್ನು ಗೋಡೆಗೆ ಒತ್ತಿ ಹಾಕಿಸಿ, ತನ್ನ ಬೆನ್ನ ಹಿಂದೆ ಯಾರೂ, ಏನೂ ಇರಕೂಡದು ಎಂದು ಡಂಗುರ ಸಾರಿಸಿದ.

ಆ ಊರಿನಲ್ಲಿ ಈರೋಬ ಎಂಬ ತರುಣನಿದ್ದ. ದನಗಳ ಕೊರಳಿಗೆ ಗಂಟೆ ಎರಕ ಹೊಯ್ಯುವುದು ಅವನ ಕಸುಬು. ಗಂಟೆ ಕೇಳಿದರೂ ದನ ಎಲ್ಲಿದೆ ಅಂತ ತಿಳಿಯದ ಮೇಲೆ ಗಂಟೆ ಯಾರಿಗೆ ಬೇಕು? ಆದರೂ ಅವನು ನಗುನಗುತ್ತಲೇ ಇದ್ದ. ಮನೆಯಲ್ಲಿ ಅವನೂ ತಂಗಿ ಸಾತವ್ವನೂ ಇಬ್ಬರೇ. ಒಂದು ದಿನ ಅವರ ಕರು ಕಟ್ಟು ಹರಿದುಕೊಂಡು ಮಂಜುಗುಡ್ಡಕ್ಕೆ ನುಗ್ಗಿತು. ಅದರ ಹಿಂದೆ ಸಾತವ್ವನೂ ನುಗ್ಗಿದಳು. ಕರು ಮನೆಗೆ ಬಂತು, ಸಾತವ್ವ ಬರಲಿಲ್ಲ.

ಮಂಜುಗುಡ್ಡದಲ್ಲಿ ಹಾದಿ ತಪ್ಪಿದವರು ಹಸಿವಿನಿಂದ ಸಾಯುವುದಿಲ್ಲ, ಮೆಲ್ಲಗೆ ತಾವೇ ಮಂಜಾಗುತ್ತಾರೆ. ಮೊದಲು ನೆರಳು ಹೋಗುತ್ತದೆ, ಆಮೇಲೆ ಮೈ, ಕಡೆಗೆ ದನಿ. ಆ ದನಿ ಅಡಗಿತೆಂದರೆ ಮುಗಿಯಿತು.

"ಅಣ್ಣಾ, ನಾ ಇಲ್ಲೇ ಅದೀನೋ," ಎಂದು ಸಾತವ್ವ ಕೂಗುತ್ತಿದ್ದಳು. ಊರಿಗೆಲ್ಲ ಕೇಳಿಸುತ್ತಿತ್ತು. ಈರೋಬ ಮೂಡಲಿಗೆ ಓಡಿದ, ಪಡುವಲಿಗೆ ಓಡಿದ, ಗುಡ್ಡದ ಸುತ್ತ ಮೂರು ಸಲ ಓಡಿದ. ಇಲ್ಲೇ ಅಂದರೆ ಎಲ್ಲಿ? ಅವನು ಮರುಕೂಗು ಹಾಕಿದರೆ ಅವಳು ಇನ್ನೂ ದೂರಕ್ಕೆ ಹೋಗುತ್ತಿದ್ದಳು. ಅವನ ನಗು ಅಲ್ಲಿಗೆ ನಿಂತಿತು. ಕಣ್ಣಲ್ಲಿ ನೀರು ಬಂತು.

ಪ್ರತಿ ವರ್ಷ ಕಡಲಾಚೆಯಿಂದ ಬರುವ ಮುದಿ ಕೊಕ್ಕರೆಯೊಂದು ಕೆರೆಯ ದಂಡೆಯಲ್ಲಿ ನಿಂತು ಅವನ ಪರದಾಟ ನೋಡುತ್ತಿತ್ತು. "ಏ ತಮ್ಮಾ, ಕಾಲು ಸವಿಸಿದರ ಏನೂ ಆಗೂದಿಲ್ಲ," ಎಂದಿತು ಕೊಕ್ಕರೆ. "ನಮ್ಮ ದೇಶದಾಗ ಒಬ್ಬ ರಾಕ್ಷಸ ಅದಾನ. ಅವನ ಅಟ್ಟದಾಗ ಹಳೇ ಕಾಲದ್ದೊಂದು ಪೆಟ್ಟಿಗಿ ಐತಿ. ಗಾಳಿಯೊಳಗಿನ ದನಿ ಹಿಡೀತೈತಿ, ಹಿಡಿದು ನಾಲ್ಕು ಬಾಯಿಲೆ, ಅದು ಬಂದ ದಿಕ್ಕಿನಿಂದಾನ ಹೊರಗ ಬಿಡತೈತಿ. ಅಲ್ಲಿ ಮಂದಿ ಅದಕ್ಕ ಕ್ವಾಡ್ರಾಫೋನಿಕ್ ರಿಸೀವರ್ ಅಂತಾರ. ಈಗ ಅಂಥಾದ್ದು ಯಾರೂ ಮಾಡೂದಿಲ್ಲ. ಅದರ ದನಿ ನಿಮ್ಮ ದೊರಿ ಕಿವಿಗೆ ಬೀಳಲಿ, ಶಾಪ ತಾನಾಗೇ ಹೋಗತೈತಿ."

ಈರೋಬನ ನಾಲಿಗೆ ಆ ಹೆಸರಿಗೆ ಹೊರಳಲಿಲ್ಲ. "ನಾಲ್ದನಿ ಪೆಟ್ಟಿಗಿ ಅಂದರ ನಡೀತೈತೇನು?"

"ಏನರೆ ಅನ್ನು. ಮೊದಲ ನನ್ನ ಬೆನ್ನ ಮ್ಯಾಲ ಕೂಡು," ಎಂದಿತು ಕೊಕ್ಕರೆ.

ಕಡಲು ದಾಟಿ ರಾಕ್ಷಸನ ಮನೆಗೆ ಬಂದರು. ಒಳಗೆ ನೆಲದಿಂದ ಸೂರಿನ ತನಕ ಹಳೆಯ ಹಾಡುವ ಪೆಟ್ಟಿಗೆಗಳು, ಒಂದೂ ಹಾಡುತ್ತಿರಲಿಲ್ಲ. ನಡುವೆ ಕೆಂಗಣ್ಣಿನ ರಾಕ್ಷಸ ಆಕಳಿಸುತ್ತ ಕೂತಿದ್ದ. ಅವನ ಪಕ್ಕದಲ್ಲೇ ಇತ್ತು ನಾಲ್ದನಿ: ಅಕ್ರೋಟ ಮರದ ಮೈ, ಬೆಳ್ಳಿ ಬಣ್ಣದ ಗುಂಡಿಗಳ ಸಾಲು, ಎದೆಯಲ್ಲಿ ನೀಲಿ ಗಾಜಿನ ಕಿಟಕಿ, ಕೆಳಗೆ ರಬ್ಬರಿನ ನಾಲ್ಕು ಪುಟ್ಟ ಕಾಲು. ದನಿ ಹೊರಡುವ ನಾಲ್ಕು ಗೂಡುಗಳು ಬೇರೆಯೇ ಇದ್ದವು.

"ಮಾರುವುದಿಲ್ಲ," ಎಂದ ರಾಕ್ಷಸ. "ಬಂದವರೆಲ್ಲ ಪಡಸಾಲೆಯಲ್ಲಿ ಅಂದಕ್ಕೆ ಇಡಲು ಕೇಳುತ್ತಾರೆ."

"ಅಂದಕ್ಕ ಬ್ಯಾಡ್ರಿ ನನಗ," ಎಂದ ಈರೋಬ. "ನನ್ನ ತಂಗಿ ಕರ್ಯಾಕತ್ತಾಳ. ಎಲ್ಲಿಂದಂತ ಗೊತ್ತಾಗವಲ್ದು."

ರಾಕ್ಷಸನ ಮುಖ ಮೆತ್ತಗಾಯಿತು. "ಹಾಗಾದರೆ ಒಂದು ಸದ್ದು ಕೊಟ್ಟು ಒಯ್ಯಿ. ಈ ಮನೆಯಲ್ಲಿ ನಾನೊಬ್ಬನೇ. ಈ ಮೌನಕ್ಕೆ ನನಗೆ ನಿದ್ದೆಯೇ ಹತ್ತುವುದಿಲ್ಲ. ಕೇಳುತ್ತ ಮಲಗುವಂಥ ಸದ್ದು ಕೊಡು."

ಈರೋಬ ಸೊಂಟದಲ್ಲಿದ್ದ ಗಂಟೆ ಬಾರಿಸಿದ. ರಾಕ್ಷಸನ ಕಣ್ಣು ಇನ್ನಷ್ಟು ಅರಳಿತು. ಅವ್ವ ಹಾಡುತ್ತಿದ್ದ ಜೋಗುಳ ಗುನುಗಿದ. ರಾಕ್ಷಸ ತನ್ನ ಅವ್ವನ ನೆನಪಾಗಿ ಅತ್ತ, ಅತ್ತವನಿಗೆ ನಿದ್ದೆ ಬರಲಿಲ್ಲ. ಇನ್ನೇನು ಕೊಡಲಿ ಎಂದು ಯೋಚಿಸುತ್ತ, ಹಾರಿ ಬಂದ ದಣಿವಿಗೆ ಈರೋಬ ಕೂತಲ್ಲೇ ತೂಕಡಿಸಿ ಗೊರಕೆ ಹೊಡೆದ. ರಾಕ್ಷಸ ಹಿಗ್ಗಿನಿಂದ ಅವನನ್ನು ಅಲುಗಾಡಿಸಿ ಎಬ್ಬಿಸಿದ.

"ಇದೇ, ಇದೇ ನನಗೆ ಬೇಕಾದ್ದು. ಮನೆಯಲ್ಲಿ ಇನ್ನೊಬ್ಬರು ಮಲಗಿದ ಹಾಗಿದೆ."

ಗೊರಕೆಯನ್ನು ಒಂದು ಗಡಿಗೆಗೆ ತುಂಬಿಸಿಕೊಂಡ. ಅಂದಿನಿಂದ ಈರೋಬ ಒಮ್ಮೆಯೂ ಗೊರಕೆ ಹೊಡೆಯಲಿಲ್ಲ. ಅದರ ಲಾಭ ಮುಂದೆ ಅವನ ಹೆಂಡತಿಗೆ ಸಿಕ್ಕಿತು, ಅದು ಬೇರೆ ಮಾತು. ರಾಕ್ಷಸನಿಗೆ ತಡೆಯಲಾಗಲಿಲ್ಲ, ಗಡಿಗೆಯ ಮುಚ್ಚಳ ತೆಗೆದಿಟ್ಟುಕೊಂಡೇ ಬುದ್ಧಿವಾದ ಶುರುಮಾಡಿದ. "ಮೂರು ಮಾತು ನೆನಪಿಡು. ಒಂದು, ನಮ್ಮ ಕಡೆಯ ಮಿಂಚು ನಿಮ್ಮದರ ಅರ್ಧ. ಪೂರ್ತಿ ಕುಡಿಸಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ಎರಡು, ಕೆಂಪು ತಂತಿ ಕೆಂಪು ಕೊಂಡಿಗೆ, ಕರಿ ತಂತಿ ಕರಿ ಕೊಂಡಿಗೆ. ಅದಲುಬದಲಾದರೆ ದನಿಯನ್ನು ದನಿಯೇ ನುಂಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಏನೆಂದರೆ..."

ಅಷ್ಟರಲ್ಲಿ ರಾಕ್ಷಸ ಗೊರಕೆಗೆ ಗೊರಕೆ ಸೇರಿಸಿ ಮಲಗಿಬಿಟ್ಟ. ಈರೋಬ ಮೀಸೆ ಎಳೆದ, ಕಿವಿಯಲ್ಲಿ ಕೂಗಿದ, ಹೊಟ್ಟೆಯ ಮೇಲೆ ಹತ್ತಿ ಕುಣಿದ. ರಾಕ್ಷಸ ಮಗ್ಗಲು ಬದಲಿಸಿದ ಅಷ್ಟೆ. ಕೊಕ್ಕರೆ ತನ್ನ ಬಳಗವನ್ನೆಲ್ಲ ಕರೆಯಿತು. ಸಾಮಾನು ಹೊರಿಸಿಕೊಂಡು ಹೊರಟರು.

ಉಲಿಯೂರಿನ ಕಡಲ ದಂಡೆಯಲ್ಲಿ ಸುಂಕದ ಮೊಸಳೆ ಬಾಯಿ ತೆರೆದು ಮಲಗಿತ್ತು. ಕಡಲಾಚೆಯಿಂದ ಬಂದ ಸಾಮಾನನ್ನೆಲ್ಲ ಅದು ಬಿಚ್ಚಿ ನೋಡಬೇಕು, ಇಷ್ಟವಾದದ್ದನ್ನು ನುಂಗಬೇಕು. ಅದರ ಹೊಟ್ಟೆಯಲ್ಲಿ ಆಗಲೇ ಎರಡು ಗಡಿಯಾರ, ಒಂದು ಪಲ್ಲಕ್ಕಿ ಇದ್ದವು.

"ಏನೈತಿ ಅದರಾಗ?" ಎಂದಿತು ಮೊಸಳೆ.

"ದನಿ ಐತ್ರಿ."

"ತಗದು ತೋರ್ಸು."

"ತೋರ್ಸೂದು ಹ್ಯಾಂಗ್ರಿ ದನಿಯನ್ನ?"

"ತೋರ್ಸಾಕ ಬಾರದ್ದನ್ನ ನುಂಗಬೇಕಂತ ಅಪ್ಪಣಿ ಐತಿ," ಎಂದು ಮೊಸಳೆ ಬಾಯಿ ಅಗಲಿಸಿತು.

ಈರೋಬ ಕೈಜೋಡಿಸಿ ಕೇಳಿದ, "ಯಜಮಾನ್ರ, ನಿಮಗ ವಯಸ್ಸೆಷ್ಟ್ರಿ?"

"ನಿಮ್ಮ ದೊರಿ ತೊಟ್ಟಿಲದಾಗ ಇದ್ದಾಗ ನಾ ತತ್ತಿ ಒಡದು ಬಂದೀನಿ."

"ಈ ಪೆಟ್ಟಿಗಿ ದೊರಿಯ ಅಜ್ಜನ ಕಾಲದ್ದು. ನಿಮಗಿಂತ ಹಿರಿದು. ಕಾಲಿಗೆ ಬೀಳೂದು ಬಿಟ್ಟು ಹಿರ್ಯಾರನ್ನ ನುಂಗತೀರೇನ್ರಿ? ನೋಡ್ರಿ, ಕಾಲು ಸುದ್ದಾ ಅದಾವ."

ಮೊಸಳೆ ಬಾಗಿ ನೋಡಿತು. ರಬ್ಬರಿನ ನಾಲ್ಕು ಕಾಲು ನಿಜವಾಗಿಯೂ ಇದ್ದವು. ಎಷ್ಟೆಂದರೂ ಒಳ್ಳೆಯ ಮನೆತನದ ಮೊಸಳೆ. ನಾಚಿಕೊಂಡು ಬಾಯಿ ಮುಚ್ಚಿತು, ಮೂತಿಯನ್ನು ಕಾಲಿಗೆ ಮುಟ್ಟಿಸಿ ನಮಸ್ಕಾರ ಮಾಡಿತು, ಪಕ್ಕಕ್ಕೆ ಸರಿಯಿತು.

ಈರೋಬ ಊರಿಗೆ ಬಂದಾಗ ಸಾತವ್ವನ ದನಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟು ಸಣ್ಣದಾಗಿತ್ತು. ಬರೀ "ಅಣ್ಣಾ" ಎನ್ನುತ್ತಿದ್ದಳು, ಮುಂದಿನ ಮಾತಿಗೆ ಶಕ್ತಿ ಇರಲಿಲ್ಲ. ಅವನು ನೀರೂ ಕುಡಿಯದೆ ಅರಮನೆಗೆ ಓಡಿದ. ಮುಗಿಲ ಮಿಂಚು ಹಿಡಿಯುವ ಕಂಬ ಇದ್ದದ್ದು ಅಲ್ಲಿ ಮಾತ್ರ.

ತಾಮ್ರದ ತಂತಿಯನ್ನು ಒನಕೆಗೆ ಸುತ್ತಿ ಸುತ್ತಿ, ಮಿಂಚನ್ನು ಆ ಹಾದಿಯಲ್ಲಿ ಓಡಿಸಿದ. ಸುತ್ತು ಹೊಡೆದು ದಣಿದ ಮಿಂಚು ಕೊನೆಗೆ ಅರ್ಧವಾಗಿ ಹೊರಬಂತು. ಗುಂಡಿ ತಿರುಗಿಸಿದ. ನೀಲಿ ಕಿಟಕಿ ಬೆಳಗಿತು. ಸಭೆಯೆಲ್ಲ ಆಹಾ ಎಂದಿತು, ಆದರೆ ದನಿ ಮಾತ್ರ ಪಾತಾಳದಿಂದ ಬಂದಂತಿತ್ತು. ಅವಸರದಲ್ಲಿ ಒಂದು ಕೆಂಪು ತಂತಿ ಕರಿ ಕೊಂಡಿಗೆ ಸೇರಿತ್ತು. ತನ್ನ ತಲೆಗೆ ತಾನೇ ಮೊಟಕಿಕೊಂಡು ಬದಲಿಸಿದ. "ಅಣ್ಣಾ" ಎಂಬ ದನಿ ತಿಳಿಯಾಗಿ ತುಂಬಿಕೊಂಡಿತು.

ತುಂಬಿಕೊಂಡಿತು, ದಿಕ್ಕು ಮಾತ್ರ ತಿಳಿಯಲಿಲ್ಲ. ದೊರೆ ಗೋಡೆಗೆ ಒರಗಿ ಕೂತಿದ್ದ, ನಾಲ್ಕು ಗೂಡುಗಳನ್ನೂ ಅವನ ಎದುರಿಗೇ ಒಂದರ ಮೇಲೊಂದು ಪೇರಿಸಿದ್ದರು. ದೊರೆಯ ಬೆನ್ನಿಗೆ ಏನೂ ಇರಕೂಡದಲ್ಲ! ಈರೋಬ ಗುಂಡಿಗಳನ್ನೆಲ್ಲ ತಿರುಗಿಸಿದ, ಪೆಟ್ಟಿಗೆಗೆ ಕೈ ಮುಗಿದ. ರಾಕ್ಷಸ ಹೇಳದೆ ಉಳಿದ ಆ ಮೂರನೆಯ ಮಾತು ಯಾವುದು? ಅವನು ತಲೆಯ ಮೇಲೆ ಕೈಹೊತ್ತು ಕೂತ.

ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ರಾಣಿ ಚಂದ್ರವ್ವ ನೆಲದ ಮೇಲೆ ಸುರುಳಿ ಬಿದ್ದಿದ್ದ ತಂತಿ ಎತ್ತಿ ಹಿಡಿದಳು. "ತಮ್ಮಾ, ಎರಡು ತಂತಿ ಗಿಡ್ಡ ಅದಾವ, ಎರಡು ಉದ್ದ ಅದಾವ. ಉದ್ದ ಕೊಟ್ಟಾನಂದರ ಉದ್ದಕ್ಕ ಹೋಗಲಿ ಅಂತ ಕೊಟ್ಟಾನಲ್ಲ. ಮುಂದ ಎರಡು, ಹಿಂದ ಎರಡು ಇಡು. ಕೇಳವರು ನಡಬರಕ ಕೂಡ್ರಲಿ."

ದೊರೆ ಸಿಂಹಾಸನದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಆಗೂದಿಲ್ಲ. ನನ್ನ ಬೆನ್ನ ಹಿಂದ ಏನೂ ಇರಬಾರದು. ಗೋಡಿ ಬಿಟ್ಟು ನಾ ಬರೂದಿಲ್ಲ."

ಈರೋಬ ಎದ್ದು ನಿಂತ. ಹೆದರಿಕೆ ಎಂಬುದು ಅವನಿಗೆ ಆ ಗಳಿಗೆ ಮರೆತೇ ಹೋಗಿತ್ತು. "ಪ್ರಭು, ನಿಮ್ಮ ಬೆನ್ನಿಗೆ ಗೋಡಿ ಐತಿ. ನನ್ನ ತಂಗಿ ಬೆನ್ನಿಗೆ ಏನೈತ್ರಿ?"

"ಅಣ್ಣಾ" ಎಂಬ ದನಿ ಇನ್ನೊಮ್ಮೆ ಬಂತು, ಅರ್ಧಕ್ಕೇ ನಿಂತಿತು. ದೊರೆಯ ಕೈ ಸಡಿಲವಾಯಿತು. ಮೆಲ್ಲಗೆ ಎದ್ದು, ಹೊಸದಾಗಿ ನಡೆಯಲು ಕಲಿತ ಕೂಸಿನಂತೆ ಹೆಜ್ಜೆ ಇಡುತ್ತ ಓಲಗಶಾಲೆಯ ನಟ್ಟನಡುವೆ ಬಂದು ನೆಲದ ಮೇಲೆ ಕೂತ. ಅವನ ಮುಂದೆ ಎರಡು ಗೂಡು, ಹಿಂದೆ ಎರಡು ಗೂಡು. ಅವನು ಕಣ್ಣು ಮುಚ್ಚಿಕೊಂಡ.

"ಅಣ್..."

ದೊರೆಯ ಮುಖ ತಿರುಗಿತು. ಎಡಕ್ಕೆ, ಇನ್ನೂ ಎಡಕ್ಕೆ, ಬೆನ್ನ ಹಿಂದಕ್ಕೆ. ಎಷ್ಟೋ ವರ್ಷಗಳ ಮೇಲೆ ಅವನು ಹಿಂದೆ ತಿರುಗಿ ನೋಡಿದ್ದ. ಕೈ ಎತ್ತಿ ತೋರಿಸಿದ. "ಅಲ್ಲಿ," ಎಂದ. "ಆಕಿ ಅಲ್ಲಿ ಅದಾಳ."

ಆ ಗಳಿಗೆಯಲ್ಲೇ ಹೊಲದಲ್ಲಿದ್ದವರು, ಬಾವಿಕಟ್ಟೆಯಲ್ಲಿದ್ದವರು, ಸಂತೆಯಲ್ಲಿದ್ದವರು, ಉಲಿಯೂರಿನ ಅಷ್ಟೂ ಜನ ಒಂದೇ ಕಡೆಗೆ ತಲೆ ತಿರುಗಿಸಿದರು. ಈರೋಬ ಆಗಲೇ ಓಡುತ್ತಿದ್ದ. ಈ ಸಲ ಸುತ್ತಲಿಲ್ಲ, ನೆಟ್ಟಗೆ ಓಡಿದ. ಗುಡ್ಡದ ಬುಡದಲ್ಲಿ ನಿಂತು, "ಸಾತವ್ವಾ, ಈ ಕಡೆ ಬಾ," ಎಂದು ಎದೆ ಬಿರಿಯುವಂತೆ ಕೂಗಿದ. ಮಂಜಿನೊಳಗೆ ಏನೋ ಮಿಸುಕಿತು. ಕೂಗಿದಷ್ಟೂ ದೂರ ಹೋಗುತ್ತಿದ್ದವಳು ಮೊದಲ ಬಾರಿಗೆ ಹತ್ತಿರ ಬಂದಳು. ಹೊಗೆಯಂತಿದ್ದ ಅವಳ ಕೈಯನ್ನು ಅವನು ಹಿಡಿದ. ಹಿಡಿದ ಕೈ ಬೆಚ್ಚಗಾಯಿತು, ತೋಳು ಬಂತು, ಮುಖ ಬಂತು, ಕೊನೆಗೆ ಕಾಲ ಬಳಿ ನೆರಳೂ ಬಂತು.

"ಎಲ್ಲಿ ಹೋಗಿದ್ದೋ ಇಷ್ಟ ದಿನ?" ಎಂದು ಬೈದಳು ಸಾತವ್ವ. ಬೈದು ಅವನ ಹೆಗಲ ಮೇಲೆ ಅತ್ತಳು. ಅವನೂ ಅತ್ತ.

ಶಾಪದ ಹಿಂದೆಯೇ ಮಂಜೂ ಮೆಲ್ಲಗೆ ಕರಗಿಹೋಯಿತು. ಬೋಳು ಗುಡ್ಡದ ಮೇಲೆ ಮೊಬ್ಬರಾಯ ಒಬ್ಬನೇ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿದ್ದ. ಅವನನ್ನು ಹಿಡಿದು ತಂದಾಗ ಸೇನಾಪತಿ ಕತ್ತಿ ಹಿರಿದ. ರಾಣಿ ಬೇಡವೆಂದಳು. ಅವನನ್ನು ನಾಲ್ಕು ಗೂಡುಗಳ ನಡುವೆ ಕೂರಿಸಿ, "ಹಾಡಪ್ಪ," ಎಂದಳು. ಅವನು ಹಾಡಿದ. ತನ್ನ ಹಾಡು ತನಗೇ ನಾಲ್ಕೂ ಕಡೆಯಿಂದ ಕೇಳಿಸಿತು. ಎರಡನೆಯ ಸಾಲಿಗೇ ಎಲ್ಲರಿಗಿಂತ ಮೊದಲು ನಕ್ಕವನು ಮೊಬ್ಬರಾಯನೇ. ಆ ನಗುವಿನ ಜೊತೆಗೆ ಅವನಲ್ಲಿದ್ದ ಮಾಟವೂ ಹೊರಟುಹೋಯಿತು. ಈಗ ಅವನು ಅರಮನೆಯ ಎಮ್ಮೆ ಕಾಯುತ್ತಾನೆ, ಎಮ್ಮೆಗಳಿಗೆ ಅವನ ಹಾಡು ತುಂಬ ಇಷ್ಟ.

ದೊರೆಯ ಸಿಂಹಾಸನ ಓಲಗಶಾಲೆಯ ನಡುವಿಗೆ ಬಂತು. ಬಡಬಗ್ಗರು ಯಾವ ಕಡೆಯಿಂದ ಬಂದು ಕರೆದರೂ ಅವನು ಆ ಕಡೆಗೆ ತಿರುಗಿ ಕೇಳಿಸಿಕೊಂಡ. ಊರಿನ ದನಗಳಿಗೆಲ್ಲ ಗಂಟೆ ಬೇಕಾಯಿತು, ಈರೋಬನ ಕುಲುಮೆ ಆರಲೇ ಇಲ್ಲ. ಉಲಿಯೂರಿನವರು ಉಂಡು, ನಕ್ಕು, ಹಾಡಿ ಸುಖವಾಗಿದ್ದರು. ಕತೆ ಕೇಳಿದ ನೀವೂ ಹಾಗೇ ಇರಿ.

ಒಂದು ಸಂಜೆ ಈರೋಬ ಕುಲುಮೆಯ ಮುಂದೆ ಬಗ್ಗಿ ಕೂತಿದ್ದಾಗ, "ಅಣ್ಣಾ, ಉಣ್ಣಾಕ ಬಾ," ಎಂಬ ಕೂಗು ಕೇಳಿಸಿತು. ಅವನು ಕೂಗು ಬಂದ ಕಡೆಗೆ ನೋಡಿದ. ಸಾತವ್ವ ಅಲ್ಲೇ ಇದ್ದಳು.